ಯೊವೇಲ್: ಸಾಲಕ್ಕೂ ಒಂದು ಕೊನೆಯ ದಿನಾಂಕ

ಕ್ಯಾಥೊಲಿಕರ ಜ್ಯೂಬಿಲಿ ವರ್ಷದಲ್ಲಿ ಯಾತ್ರಿಕರಿಗಾಗಿ ತೆರೆಯುವ, ರೋಮ್‌ನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ಪೋಪ್ ಹದಿನಾಲ್ಕನೇ ಲಿಯೋ 2026ರ ಜನವರಿ 6ರಂದು ಮುಚ್ಚಿದರು. 2024ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅದನ್ನು ತೆರೆದಿದ್ದ ಪೋಪ್ ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ತೀರಿಕೊಂಡಿದ್ದರು. ಒಬ್ಬ ಪೋಪ್ ಆರಂಭಿಸಿದ ಜ್ಯೂಬಿಲಿ ವರ್ಷವನ್ನು ಇನ್ನೊಬ್ಬರು ಮುಗಿಸಿದ್ದು 1700ರ ನಂತರ ಇದೇ ಮೊದಲು. ಸುದ್ದಿಗಳಲ್ಲಿ ಯಾತ್ರಿಕರ ಲೆಕ್ಕ ಬಂತು, ಬಾಗಿಲು ಮುಚ್ಚುವ ವಿಧಿಯ ಚಿತ್ರಗಳು ಬಂದವು. ಈ ವರ್ಷವನ್ನು ಸಾರಿದ ಅಧಿಕೃತ ಪತ್ರದಲ್ಲಿ ಫ್ರಾನ್ಸಿಸ್ ಮುಂದಿಟ್ಟಿದ್ದ ಒಂದು ಬೇಡಿಕೆಯ ಬಗ್ಗೆ ಮಾತ್ರ ಹೆಚ್ಚು ಚರ್ಚೆಯಾಗಲಿಲ್ಲ. ಎಂದೂ ತೀರಿಸಲಾಗದ ಬಡ ದೇಶಗಳ ಸಾಲವನ್ನು ಶ್ರೀಮಂತ ದೇಶಗಳು ಮನ್ನಾ ಮಾಡಬೇಕು, ಅದು ಔದಾರ್ಯಕ್ಕಿಂತ ಹೆಚ್ಚಾಗಿ ನ್ಯಾಯದ ವಿಷಯ ಎಂದು ಅವರು ಬರೆದಿದ್ದರು.

ಪವಿತ್ರ ದ್ವಾರದ ಯಾತ್ರೆಗೂ ಆಫ್ರಿಕಾದ ಬಡ ದೇಶ ಜಾಂಬಿಯಾದ ಬಾಂಡ್ ಸಾಲಕ್ಕೂ ಎತ್ತಣ ಸಂಬಂಧ? ಉತ್ತರ ಇರುವುದು ಒಂದು ಹೀಬ್ರೂ ಪದದಲ್ಲಿ. ಯೊವೇಲ್. ನಾವು ಸುವರ್ಣ ಮಹೋತ್ಸವಕ್ಕೆ ಗೋಲ್ಡನ್ ಜ್ಯೂಬಿಲಿ ಎನ್ನುತ್ತೇವೆ, 25 ವಾರ ಓಡಿದ ಸಿನಿಮಾಕ್ಕೆ ಸಿಲ್ವರ್ ಜ್ಯೂಬಿಲಿ ಎನ್ನುತ್ತೇವೆ; ಆ ಜ್ಯೂಬಿಲಿಯ ಮೂಲ ಇದೇ. ಮೂಲದಲ್ಲಿ ಈ ಪದಕ್ಕೆ ಹಬ್ಬದ ಅರ್ಥವೇ ಇರಲಿಲ್ಲ.

ಯೊವೇಲ್ ಎಂದರೆ ಟಗರು. ಅದರಿಂದ ಟಗರಿನ ಕೊಂಬು, ಆ ಕೊಂಬಿನ ಕಹಳೆ. ಬೈಬಲ್ಲಿನ ಯೆಹೋಶುವನ ಗ್ರಂಥದಲ್ಲಿ ಯೆರಿಕೋ ಪಟ್ಟಣದ ಗೋಡೆ ಬೀಳುವಾಗ ಯಾಜಕರು ಊದುವುದು ‘ಯೊವೇಲ್’ ಕಹಳೆಗಳನ್ನೇ. ಸೀನಾಯಿ ಬೆಟ್ಟದ ಬುಡದಲ್ಲಿ ನಿಂತ ಜನರಿಗೆ ಬೆಟ್ಟ ಹತ್ತಲು ಅಪ್ಪಣೆ ಸಿಗುವುದೂ ಯೊವೇಲ್ ದೀರ್ಘವಾಗಿ ಮೊಳಗಿದಾಗ. ಅರಬರ ನಾಡಿಗೆ ಹೋಗಿದ್ದಾಗ ಅಲ್ಲಿನವರು ಟಗರನ್ನು ‘ಯೊವ್ಲಾ’ ಎನ್ನುವುದನ್ನು ಕೇಳಿದೆ ಎಂದು ಯಹೂದಿ ಧರ್ಮಗುರು ರಬ್ಬಿ ಅಕೀವಾ ಹೇಳಿದ ಮಾತು ಯಹೂದಿ ಧರ್ಮಶಾಸ್ತ್ರ ಚರ್ಚೆಗಳ ಸಂಗ್ರಹವಾದ ತಾಲ್ಮೂದ್‌ನಲ್ಲಿ ಉಳಿದಿದೆ. ಫಿನೀಷಿಯನ್ ಭಾಷೆಯಲ್ಲೂ ಇದೇ ಧಾತುವಿಗೆ ಟಗರೆಂಬ ಅರ್ಥವಿದೆ. ಮಧ್ಯಯುಗದ ವ್ಯಾಖ್ಯಾನಕಾರ ರಾಂಬಾನ್ ಇದನ್ನು ಒಪ್ಪದೆ, ‘ಕರೆತರು, ತಂದು ಸೇರಿಸು’ ಎಂಬ ಧಾತುವಿನಿಂದ ಪದ ಬಂದಿದೆ ಎಂದು ವಾದಿಸಿದ. ಪ್ರತಿಯೊಬ್ಬರೂ ತಮ್ಮ ನೆಲಕ್ಕೆ ಮರಳುವ ವರ್ಷ ಅದು ಎಂಬುದು ಅವನ ಓದು. ಭಾಷಾಶಾಸ್ತ್ರ ಅಕೀವಾನ ಪರವಾಗಿದ್ದರೂ ಬೈಬಲ್ಲಿನ ಯಾಜಕಕಾಂಡದ 25ನೇ ಅಧ್ಯಾಯದ ಒಳದನಿಯನ್ನು ರಾಂಬಾನ್ ಸರಿಯಾಗಿಯೇ ಹಿಡಿದಿದ್ದಾನೆ ಅನ್ನಿಸುತ್ತದೆ.

ಆ ಅಧ್ಯಾಯ ಹೇಳುವುದಿಷ್ಟು. ಏಳು ವರ್ಷಕ್ಕೊಮ್ಮೆ ಭೂಮಿಗೆ ವಿಶ್ರಾಂತಿ. ಅಂಥ ಏಳು ಸುತ್ತು, ಅಂದರೆ 49 ವರ್ಷ, ಎಣಿಸಬೇಕು. ಏಳನೇ ತಿಂಗಳ ಹತ್ತನೇ ದಿನ, ಪಾಪ ಪರಿಹಾರದ ಯೋಮ್ ಕಿಪ್ಪುರ್ ದಿನ, ನಾಡಿನಾದ್ಯಂತ ಕೊಂಬು ಊದಿಸಬೇಕು. ಯೊವೇಲ್ ಎಂದು ಕರೆಯುವ ಆ ಐವತ್ತನೇ ವರ್ಷವನ್ನು ಪವಿತ್ರವೆಂದು ಸಾರಿ ನಾಡಿನ ಎಲ್ಲ ನಿವಾಸಿಗಳಿಗೂ ‘ದೆರೋರ್’ ಘೋಷಿಸಬೇಕು. ಕಷ್ಟಕ್ಕೆ ಸಿಕ್ಕಿ ಹೊಲ ಮಾರಿದವನಿಗೆ ಹೊಲ ವಾಪಸ್ಸು. ತನ್ನನ್ನೇ ಮಾರಿಕೊಂಡು ಜೀತಕ್ಕೆ ಬಿದ್ದವನು ಹೆಂಡತಿ ಮಕ್ಕಳೊಂದಿಗೆ ತನ್ನ ಕುಲಕ್ಕೆ ವಾಪಸ್ಸು.

ದೆರೋರ್ ಎಂದರೆ ಬಿಡುಗಡೆ. ಬೈಬಲ್ಲಿನಲ್ಲಿ ಒಂದು ಪುಟ್ಟ ಹಕ್ಕಿಗೂ ಇದೇ ಹೆಸರು: ಕೀರ್ತನೆಗಳ ಗ್ರಂಥದ 84ನೇ ಕೀರ್ತನೆಯಲ್ಲಿ ದೇವರ ಬಲಿಪೀಠದ ಬಳಿ ಮರಿಗಳಿಗೆ ಗೂಡು ಕಂಡುಕೊಳ್ಳುವ ಹಕ್ಕಿ ಅದು. ಅಮೆರಿಕದ ಫಿಲಡೆಲ್ಫಿಯಾದ ಬಿರುಕು ಬಿಟ್ಟ ಗಂಟೆಯ ಮೇಲೆ ಕೆತ್ತಿರುವುದು ಈ ದೆರೋರ್ ವಾಕ್ಯವೇ. ಗಂಟೆ ಮಾಡಿಸಲು 1751ರಲ್ಲಿ ಆದೇಶ ಹೊರಟಾಗ ಆ ಊರಿನಲ್ಲಿ ಗುಲಾಮರಿದ್ದರು. 1830ರ ದಶಕದಲ್ಲಿ ಗುಲಾಮಗಿರಿ ವಿರೋಧಿಗಳು ಆ ವಾಕ್ಯವನ್ನು ಎತ್ತಿ ಹಿಡಿದು ಅದನ್ನು ಲಿಬರ್ಟಿ ಬೆಲ್ ಎಂದು ಕರೆದ ಮೇಲೆಯೇ ಆ ಹೆಸರು ನಿಂತಿತು.

ಅಧ್ಯಾಯದ ಅತ್ಯಂತ ಜಾಣತನದ ಭಾಗ ಭಕ್ತಿಯ ಮಾತುಗಳಲ್ಲಿಲ್ಲ, ಲೆಕ್ಕದಲ್ಲಿದೆ. ಹೊಲ ಮಾರುವಾಗ ಮುಂದಿನ ಯೊವೇಲ್‌ಗೆ ಎಷ್ಟು ವರ್ಷ ಉಳಿದಿವೆ ನೋಡಿ ಬೆಲೆ ಕಟ್ಟಬೇಕು. ವರ್ಷ ಹೆಚ್ಚಿದ್ದರೆ ಬೆಲೆ ಹೆಚ್ಚು, ಕಡಿಮೆ ಇದ್ದರೆ ಬೆಲೆ ಕಡಿಮೆ. ಏಕೆಂದರೆ ಮಾರುವವನು ಕೊಡುತ್ತಿರುವುದು ಇಂತಿಷ್ಟು ಬೆಳೆಗಳನ್ನು ಮಾತ್ರ ಎಂದು ವಚನ ಬಿಡಿಸಿ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಜಮೀನನ್ನು ಭೋಗ್ಯಕ್ಕೆ ಹಾಕುವುದಕ್ಕೆ ಇದು ಹತ್ತಿರ. ಭೋಗ್ಯದಲ್ಲಿ ಸಾಮಾನ್ಯವಾಗಿ ಅಸಲು ಹಿಂದಿರುಗಿಸಿದರೆ ಜಮೀನು ಬಿಡುಗಡೆ. ಅಸಲು ಹೊಂದಿಸಲಾಗದೆ ತಲೆಮಾರುಗಳ ಕಾಲ ಜಮೀನು ಬೇರೆಯವರ ಉಳುಮೆಯಲ್ಲೇ ಉಳಿದ ಕುಟುಂಬಗಳನ್ನು ನಾವು ಕಂಡಿದ್ದೇವೆ. ಯೊವೇಲ್‌ನಲ್ಲಿ ವರ್ಷ ತುಂಬಿದರೆ ಸಾಕು. ಕೊಂಡವನಿಗೂ ಮೋಸವಿಲ್ಲ, ಅವನು ಕೊಟ್ಟ ದುಡ್ಡಿಗೆ ತಕ್ಕಷ್ಟು ಫಸಲು ಉಂಡಿದ್ದಾನೆ. ಇದಕ್ಕೆಲ್ಲ ಆಧಾರವಾಗಿ 23ನೇ ವಚನ ನಿಂತಿದೆ: ಭೂಮಿಯನ್ನು ಶಾಶ್ವತವಾಗಿ ಮಾರಬಾರದು, ಭೂಮಿ ನನ್ನದು, ನೀವು ನನ್ನ ಬಳಿ ಇಳಿದುಕೊಂಡಿರುವ ಪರದೇಶಿಗಳು.

ಸಾಲಮನ್ನಾ ಎಂಬ ಕಲ್ಪನೆ ಇಸ್ರಾಯೇಲರು ಹುಟ್ಟಿಸಿದ್ದಲ್ಲ. ದೆರೋರ್‌ಗೆ ಪ್ರಾಚೀನ ಬ್ಯಾಬಿಲೋನಿನ ಅಕ್ಕಾಡಿಯನ್ ಭಾಷೆಯಲ್ಲಿ ‘ಅಂದುರಾರುಮ್’ ಎಂಬ ಅಕ್ಕನಿದ್ದಾಳೆ. ಬ್ಯಾಬಿಲೋನಿನ ಅರಸರು ಪಟ್ಟಕ್ಕೆ ಬಂದಾಗಲೋ, ಜನ ಸಾಲದಲ್ಲಿ ಮುಳುಗಿ ಸೈನ್ಯಕ್ಕೆ ಆಳು, ಬೊಕ್ಕಸಕ್ಕೆ ತೆರಿಗೆ ಸಿಗದಂತಾದಾಗಲೋ ಸಾಲ ರದ್ದು ಮಾಡಿ ಆಜ್ಞೆ ಹೊರಡಿಸುತ್ತಿದ್ದರು. ಕ್ರಿಸ್ತಪೂರ್ವ 17ನೇ ಶತಮಾನದ ಅರಸ ಅಮ್ಮಿಸದುಕನ ಆಜ್ಞೆ ಮಣ್ಣಿನ ಫಲಕಗಳಲ್ಲಿ ಉಳಿದಿದೆ. ಹೊಟ್ಟೆಪಾಡಿಗೆ ಪಡೆದ ಬಾರ್ಲಿ, ಬೆಳ್ಳಿಯ ಸಾಲ ರದ್ದು, ವ್ಯಾಪಾರದ ಪಾಲುಗಾರಿಕೆಗೆ ತೊಡಗಿಸಿದ ಹಣ ರದ್ದಾಗುವುದಿಲ್ಲ ಎಂದು ಅದು ಬೇರ್ಪಡಿಸುತ್ತದೆ. ಅದಕ್ಕೂ ಎಷ್ಟೋ ಹಿಂದೆ, ಸುಮಾರು ಕ್ರಿಸ್ತಪೂರ್ವ 2400ರ ಹೊತ್ತಿಗೆ, ಸುಮೇರಿಯನ್ ನಗರ ಲಗಾಶ್‌ನ ಅರಸ ಎನ್ಮೆಟೆನ ಘೋಷಿಸಿದ ಬಿಡುಗಡೆಗೆ ಸುಮೇರಿಯನ್ನರಲ್ಲಿ ಇದ್ದ ಹೆಸರು ‘ಅಮಗಿ’. ತಾಯಿಯ ಬಳಿಗೆ ಮರಳುವುದು ಎಂದು ಅದರ ಅಕ್ಷರಾರ್ಥ.

ಇವೆಲ್ಲ ಅರಸನ ಕೃಪೆ. ಅವನಿಗೆ ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಯೊವೇಲ್ ಅದನ್ನು ಅರಸನ ಕೈಯಿಂದ ಕಿತ್ತು ಪಂಚಾಂಗದ ಕೈಗೆ ಕೊಟ್ಟಿತು. ಬಿಡುಗಡೆ ಯಾವಾಗ ಎಂಬುದು ಸಾಲ ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಮೊದಲೇ ಗೊತ್ತು. ಯಾರೂ ಯಾರ ಕಾಲಿಗೂ ಬೀಳಬೇಕಿಲ್ಲ. ಈ ಪದದ ತಿರುಳು ಇದೇ ಎಂಬುದು ನನ್ನ ನಂಬಿಕೆ. ಇಂದಿನ ಸಾಲ ಪರಿಹಾರಗಳೆಲ್ಲ ಎಡವುವುದೂ ಇಲ್ಲೇ.

ಕೃಪೆಯ ಬಿಡುಗಡೆ ಏನಾಗುತ್ತದೆ ಎಂಬುದಕ್ಕೆ ಬೈಬಲ್ಲೇ ಒಂದು ಪ್ರಸಂಗ ಕೊಡುತ್ತದೆ. ಪ್ರವಾದಿ ಯೆರೆಮೀಯನ ಗ್ರಂಥದ 34ನೇ ಅಧ್ಯಾಯ. ಬ್ಯಾಬಿಲೋನಿನ ಸೇನೆ ಜೆರುಸಲೇಮನ್ನು ಮುತ್ತಿದೆ. ಜೆರುಸಲೇಮಿನ ಅರಸ ಚಿದ್ಕೀಯ ಗಾಬರಿಯಲ್ಲಿ ದೆರೋರ್ ಘೋಷಿಸುತ್ತಾನೆ. ಪ್ರಮುಖರು ಕರುವನ್ನು ಎರಡು ಹೋಳಾಗಿ ಸೀಳಿ, ಹೋಳುಗಳ ನಡುವೆ ನಡೆದು ಆಣೆ ಮಾಡಿ, ತಮ್ಮ ಇಬ್ರಿಯ (ಹೀಬ್ರೂ) ದಾಸದಾಸಿಯರನ್ನು ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ಈಜಿಪ್ಟಿನ ದಂಡು ಬರುತ್ತಿದೆ ಎಂಬ ಸುದ್ದಿಗೆ ಬ್ಯಾಬಿಲೋನಿನವರು ಮುತ್ತಿಗೆ ತೆಗೆದು ಹಿಂದೆ ಸರಿಯುತ್ತಾರೆ. ಕೂಡಲೇ ಧಣಿಗಳು ಬಿಟ್ಟವರನ್ನೆಲ್ಲ ಮತ್ತೆ ಹಿಡಿದು ತಂದು ದಾಸರಾಗಿಸಿಕೊಳ್ಳುತ್ತಾರೆ. ಯೆರೆಮೀಯ ದೇವರ ಹೆಸರಿನಲ್ಲಿ ನುಡಿಯುತ್ತಾನೆ: ನೀವು ದೆರೋರ್ ಕೊಡಲಿಲ್ಲ, ಹಾಗಾದರೆ ನಾನು ನಿಮಗೆ ದೆರೋರ್ ಘೋಷಿಸುತ್ತೇನೆ, ಖಡ್ಗಕ್ಕೆ, ವ್ಯಾಧಿಗೆ, ಕ್ಷಾಮಕ್ಕೆ ನಿಮ್ಮನ್ನು ಬಿಟ್ಟುಬಿಡುತ್ತೇನೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಯಾಜಕಕಾಂಡದ ಯೊವೇಲ್ ಮಾತಾಡುವುದು ನೆಲ ಮತ್ತು ಮನುಷ್ಯರ ಬಿಡುಗಡೆಯ ಬಗ್ಗೆ. ಸಾಲದ ಪತ್ರವನ್ನೇ ಬಿಟ್ಟುಬಿಡುವ ನಿಯಮ ಇರುವುದು ಧರ್ಮೋಪದೇಶಕಾಂಡದ 15ನೇ ಅಧ್ಯಾಯದಲ್ಲಿ, ಏಳು ವರ್ಷಕ್ಕೊಮ್ಮೆ ಬರುವ ‘ಶ್ಮಿಟಾ’ದಲ್ಲಿ. ಇಂದಿನ ಚಳವಳಿಗಾರರು ಎರಡನ್ನೂ ಒಂದೇ ಹೆಸರಿನಡಿ ಸೇರಿಸುತ್ತಾರೆ. ಅದರಲ್ಲಿ ದೊಡ್ಡ ತಪ್ಪೇನಿಲ್ಲ, ಹೊಲ ಮತ್ತು ಮೈ ಎರಡೂ ಕೈಬಿಟ್ಟು ಹೋಗುವುದು ಸಾಲದಿಂದಲೇ. ಆದರೆ ಎರಡೂ ಅಧ್ಯಾಯಗಳು ಒಂದೇ ಸಮಸ್ಯೆಯನ್ನು ಬೇರೆ ಬೇರೆ ರೀತಿ ಎದುರಿಸುತ್ತವೆ. ಏಳನೇ ವರ್ಷ ಹತ್ತಿರವಾದಂತೆ ಸಾಲ ಕೊಡುವವನು ಕೈ ಬಿಗಿ ಹಿಡಿಯುತ್ತಾನೆ ಎಂದು ಧರ್ಮೋಪದೇಶಕಾಂಡಕ್ಕೆ ಗೊತ್ತಿದೆ. ಅದಕ್ಕೆ ಅದು ಮನಸ್ಸನ್ನು ಕಲ್ಲು ಮಾಡಿಕೊಳ್ಳಬೇಡ, ಬಡ ಸಹೋದರನನ್ನು ಕೆಟ್ಟ ಕಣ್ಣಿನಿಂದ ನೋಡಬೇಡ ಎಂದು ಅಂಗಲಾಚುತ್ತದೆ. ಯಾಜಕಕಾಂಡ ಅಂಗಲಾಚದೆ ಬೆಲೆಯಲ್ಲೇ ಸರಿದೂಗಿಸುತ್ತದೆ.

ಅಂಗಲಾಚಿದ್ದು ಫಲಿಸಲಿಲ್ಲ. ಕ್ರಿಸ್ತಪೂರ್ವ ಒಂದನೇ ಶತಮಾನದ ಹೊತ್ತಿಗೆ ಜನ ಸಾಲ ಕೊಡುವುದನ್ನೇ ನಿಲ್ಲಿಸುತ್ತಿರುವುದನ್ನು ಕಂಡ ಯಹೂದಿ ಗುರು ಹಿಲ್ಲೇಲ್ ‘ಪ್ರೊಜ್ಬುಲ್’ ಎಂಬ ಪತ್ರವನ್ನು ಜಾರಿಗೆ ತಂದ ಎಂದು ಯಹೂದಿ ಕಾನೂನಿನ ಹಳೆಯ ಸಂಗ್ರಹ ಮಿಶ್ನಾ ಹೇಳುತ್ತದೆ. ನನಗೆ ಬರಬೇಕಾದ ಸಾಲವನ್ನು ಬೇಕೆಂದಾಗ ವಸೂಲು ಮಾಡುತ್ತೇನೆ ಎಂದು ನ್ಯಾಯಾಧೀಶರ ಮುಂದೆ ಬರೆದುಕೊಟ್ಟರೆ ಶ್ಮಿಟಾ ಆ ಸಾಲವನ್ನು ಮುಟ್ಟುವುದಿಲ್ಲ. ಬಡವನಿಗೆ ಕೈಸಾಲ ಹುಟ್ಟಲಿ ಎಂಬ ಕಾಳಜಿಯಿಂದಲೇ ಹಿಲ್ಲೇಲ್ ಇದನ್ನು ಮಾಡಿದ್ದು. ಅದಕ್ಕಾಗಿ ಬಿಡುಗಡೆಯನ್ನೇ ತೆರಬೇಕಾಯಿತು. ಕರ್ನಾಟಕದಲ್ಲಿ 2018ರ ಜುಲೈ ಬಜೆಟ್‌ನಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 34,000 ಕೋಟಿ ರೂಪಾಯಿಯ ಬೆಳೆಸಾಲ ಮನ್ನಾ ಪ್ರಕಟಿಸಿದಾಗ ಕೇಳಿಬಂದ ವಾದವೂ ಇದೇ ಜಾತಿಯದು: ಮನ್ನಾ ಮಾಡಿದರೆ ಮರುಪಾವತಿಯ ಶಿಸ್ತು ಕೆಡುತ್ತದೆ, ನಾಳೆ ಬ್ಯಾಂಕು ರೈತನಿಗೆ ಬಾಗಿಲು ಹಾಕುತ್ತದೆ. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಅದು ಹೆಚ್ಚು ತಟ್ಟುವುದು ಚುನಾವಣೆ ನೋಡಿಕೊಂಡು, ಯಾವಾಗ ಬರುತ್ತದೋ ಯಾರಿಗೆ ಸಿಗುತ್ತದೋ ತಿಳಿಯದ ಮನ್ನಾಕ್ಕೆ. ಮೊದಲೇ ಬರೆದಿಟ್ಟು ಬೆಲೆಯಲ್ಲಿ ಸೇರಿಸಿದ ಬಿಡುಗಡೆಗೆ ಅದು ಅಷ್ಟು ತಟ್ಟುವುದಿಲ್ಲ.

ಯೊವೇಲ್ ನಿಜಕ್ಕೂ ಆಚರಣೆಯಲ್ಲಿತ್ತೇ? ಐವತ್ತು ವರ್ಷಕ್ಕೊಮ್ಮೆ ನಾಡಿನ ಜಮೀನೆಲ್ಲ ಕೈ ಬದಲಾಯಿಸಿದ್ದಕ್ಕೆ ಇತಿಹಾಸಕಾರರಿಗೆ ಪುರಾವೆ ಸಿಕ್ಕಿಲ್ಲ. ಎಲ್ಲ ಕುಲಗಳೂ ನಾಡಿನಲ್ಲಿ ನೆಲೆಸಿದ್ದಾಗ ಮಾತ್ರ ಅದು ಅನ್ವಯ, ಯೊರ್ದನ್ ನದಿಯ ಆಚೆಯ ಕುಲಗಳು ಸೆರೆಹೋದ ಮೇಲೆ ನಿಂತಿತು ಎಂಬುದು ತಾಲ್ಮೂದ್‌ನ ನಿಲುವು. ನ್ಯಾಯದ ಆ ಬೇಡಿಕೆ ಮಾತ್ರ ಆಗಾಗ ಮೇಲೆದ್ದಿದೆ. ಮುಂದೆ ಬ್ಯಾಬಿಲೋನಿನ ಸೆರೆಯಿಂದ ಮರಳಿದ ಜನ ಹೊಲ, ದ್ರಾಕ್ಷಿತೋಟ, ಮನೆ ಎಲ್ಲ ಒತ್ತೆಯಿಟ್ಟು, ಹೆಣ್ಣುಮಕ್ಕಳನ್ನು ದಾಸತ್ವಕ್ಕೆ ಕೊಟ್ಟು ಗೋಳಿಟ್ಟಾಗ ಅಧಿಪತಿ ನೆಹೆಮೀಯ ಪ್ರಮುಖರನ್ನು ಸಭೆಗೆ ಎಳೆತಂದು ಎಲ್ಲವನ್ನೂ ಹಿಂದಕ್ಕೆ ಕೊಡಿಸಿದ. ತನ್ನ ಉಡಿಯನ್ನು ಝಾಡಿಸಿ, ಮಾತು ತಪ್ಪಿದವನನ್ನು ದೇವರು ಹೀಗೇ ಮನೆಮಾರಿನಿಂದ ಝಾಡಿಸಿಬಿಡಲಿ ಎಂದ.

ಪದ ಭಾಷೆ ದಾಟಿದಂತೆ ಅದರ ಭಾರ ಇಳಿಯುತ್ತಾ ಬಂತು. ಗ್ರೀಕ್ ಅನುವಾದಕರು ಯೊವೇಲ್‌ಗೆ ‘ಅಫೆಸಿಸ್’ ಎಂದರು. ಬಿಡುಗಡೆ ಎಂಬ ಅರ್ಥ ಅಲ್ಲಿ ಉಳಿಯಿತು. ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿ ಬಿಚ್ಚಿ ಸೆರೆಯವರಿಗೆ ಬಿಡುಗಡೆ ಎಂದು ಓದಿದನೆಂದು ಲೂಕ ಬರೆಯುವಾಗ ಬಳಸುವುದೂ ಇದೇ ಪದವನ್ನು. ಅದೇ ಪದ ಪಾಪಕ್ಷಮೆಗೂ ಬಳಕೆಯಾಗುತ್ತದೆ. ಮತ್ತಾಯನ ಗ್ರೀಕ್ ಮೂಲದಲ್ಲಿ ಯೇಸು ಕಲಿಸಿದ ಪ್ರಾರ್ಥನೆ ಕೇಳುವುದು ‘ನಮ್ಮ ಸಾಲಗಳನ್ನು ಬಿಟ್ಟುಬಿಡು’ ಎಂದು. ಕನ್ನಡದ ಪ್ರಾರ್ಥನೆಯಲ್ಲಿ ಅದು ತಪ್ಪುಗಳ ಕ್ಷಮೆಯಾಗಿದೆ. ಲ್ಯಾಟಿನ್‌ಗೆ ಬಂದಾಗ ಯೊವೇಲ್, ಸಂತೋಷದಿಂದ ಕೂಗು ಎಂಬ ಅರ್ಥದ ‘ಜುಬಿಲಾರೆ’ ಜೊತೆ ಬೆರೆತು ಹಬ್ಬವಾಯಿತು. 1300ರಲ್ಲಿ ಪೋಪ್ ಎಂಟನೇ ಬೋನಿಫೇಸ್ ಮೊದಲ ಕ್ರೈಸ್ತ ಜ್ಯೂಬಿಲಿ ಸಾರಿದ. ರೋಮ್‌ಗೆ ಯಾತ್ರೆ ಬಂದವರಿಗೆ ಪಾಪದ ದಂಡನೆಯಿಂದ ವಿನಾಯಿತಿ. ನೂರು ವರ್ಷಕ್ಕೊಮ್ಮೆ ಎಂದಿದ್ದದ್ದು ಮುಂದೆ ಐವತ್ತಾಗಿ, 1470ರಲ್ಲಿ ಇಪ್ಪತ್ತೈದಾಯಿತು. ಹೊಲವೂ ಜೀತವೂ ಮರೆಗೆ ಸರಿದವು.

ಅವು ಮತ್ತೆ ಮುಂದೆ ಬಂದದ್ದು 1990ರ ದಶಕದಲ್ಲಿ. ಬ್ರಿಟನ್ನಿನಲ್ಲಿ ಆರಂಭವಾದ ‘ಜ್ಯೂಬಿಲಿ 2000’ ಚಳವಳಿ, ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ಬಡ ದೇಶಗಳ ಸಾಲ ರದ್ದಾಗಲಿ ಎಂದು ಕೇಳಿತು. 1998ರ ಮೇ 16ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ8 ಶೃಂಗಸಭೆ ನಡೆಯುವಾಗ ಸುಮಾರು 70,000 ಜನ ನಗರದ ಸುತ್ತ ಮಾನವ ಸರಪಳಿ ಕಟ್ಟಿದರು. ಮನವಿಗೆ 2.4 ಕೋಟಿ ಸಹಿ ಬಿದ್ದವು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ವಿಶ್ವಬ್ಯಾಂಕ್ 1996ರಲ್ಲಿ ಆರಂಭಿಸಿದ್ದ ಪರಿಹಾರ ಯೋಜನೆ ಈ ಒತ್ತಡದಿಂದ ದೊಡ್ಡದಾಯಿತು. ಕೊನೆಗೆ 37 ದೇಶಗಳಿಗೆ, ಅದರಲ್ಲಿ 31 ಆಫ್ರಿಕಾದವು, ಸುಮಾರು 7,600 ಕೋಟಿ ಡಾಲರ್ ಮರುಪಾವತಿಯ ಹೊರೆ ಇಳಿಯಿತು.

ಜಾಂಬಿಯಾ ಅವುಗಳಲ್ಲೊಂದು. ಸಾಲ ಇಳಿದ ಮೇಲೆ 2006ರ ಏಪ್ರಿಲ್‌ನಲ್ಲಿ ಅದು ಹಳ್ಳಿಗಳ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಲ್ಕ ತೆಗೆದುಹಾಕಿತು. ಆದರೆ ಅಷ್ಟರಲ್ಲೇ ಇನ್ನೊಂದು ಕಥೆ ನಡೆದಿತ್ತು. 1979ರಲ್ಲಿ ಕೃಷಿ ಯಂತ್ರಗಳಿಗಾಗಿ ರೊಮೇನಿಯಾದಿಂದ ಜಾಂಬಿಯಾ ಪಡೆದ ಹಳೆ ಸಾಲವನ್ನು ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 1999ರಲ್ಲಿ ಸುಮಾರು 33 ಲಕ್ಷ ಡಾಲರ್‌ಗೆ ಕೊಂಡುಕೊಂಡು, ಲಂಡನ್ ನ್ಯಾಯಾಲಯದಲ್ಲಿ ಸುಮಾರು 5.5 ಕೋಟಿ ಡಾಲರ್ ಕೇಳಿತು. 2007ರಲ್ಲಿ ಸುಮಾರು 1.55 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಬೇರೆಯವರು ಸಾಲ ಬಿಟ್ಟುಕೊಟ್ಟಿದ್ದರಿಂದ ಉಳಿದ ಹಣ ಬಿಟ್ಟುಕೊಡದವನ ಜೇಬಿಗೆ ಹೋಯಿತು. ಇಂಥ ದಾವೆಗಳಿಗೆ ಕಡಿವಾಣ ಹಾಕಲು ಬ್ರಿಟನ್ 2010ರಲ್ಲಿ ಕಾಯ್ದೆ ಮಾಡಿತು. ಎಲ್ಲರನ್ನೂ ಒಂದೇ ದಿನ ಕಟ್ಟಿಹಾಕದ ಮನ್ನಾದಲ್ಲಿ ಒಳ್ಳೆಯವನು ನಷ್ಟ ತಿನ್ನುತ್ತಾನೆ, ಕಾದು ಕುಳಿತವನು ಲಾಭ ತಿನ್ನುತ್ತಾನೆ. ಕೊಂಬನ್ನು ನಾಡಿನಾದ್ಯಂತ ಒಂದೇ ದಿನ ಊದಬೇಕೆಂದು ಯಾಜಕಕಾಂಡ ಹೇಳಿದ್ದರಲ್ಲಿ ಈ ತಿಳಿವಳಿಕೆಯೂ ಅಡಗಿದೆ.

ಮುಂದೆ ಜಾಂಬಿಯಾ ಮತ್ತೆ ಸಾಲ ಮಾಡಿತು. ಖಾಸಗಿ ಬಾಂಡ್‌ಗಳು, ಚೀನಾದ ಬ್ಯಾಂಕುಗಳು. ಅಲ್ಲಿನ ಸರಕಾರದ ತಪ್ಪೂ ಇದರಲ್ಲಿ ಕಡಿಮೆಯಿಲ್ಲ. 2020ರ ನವೆಂಬರ್‌ನಲ್ಲಿ 4.25 ಕೋಟಿ ಡಾಲರ್ ಬಡ್ಡಿ ಕಟ್ಟಲಾಗದೆ ಅದು ಸುಸ್ತಿದಾರನಾಯಿತು. ಅದೇ ತಿಂಗಳು ಜಿ20 ದೇಶಗಳು ಬಡ ದೇಶಗಳ ಸಾಲ ಮರುಹೊಂದಿಸಲು ಒಂದು ಸಾಮಾನ್ಯ ಚೌಕಟ್ಟನ್ನು ಒಪ್ಪಿದ್ದವು. 2021ರ ಆರಂಭದಲ್ಲೇ ಜಾಂಬಿಯಾ ಅದರಡಿ ಅರ್ಜಿ ಹಾಕಿತು. ಸಾಲ ಕೊಟ್ಟ ಸರಕಾರಗಳು 630 ಕೋಟಿ ಡಾಲರ್ ಬಗ್ಗೆ ಒಪ್ಪಿಗೆಗೆ ಬಂದದ್ದು 2023ರ ಜೂನ್‌ನಲ್ಲಿ. ಬಾಂಡ್‌ದಾರರೊಂದಿಗೆ ಮಾತು ಮುಗಿದದ್ದು 2024ರಲ್ಲಿ; ಅದೇ ವರ್ಷ ಭೀಕರ ಬರದಿಂದ ಮೆಕ್ಕೆಜೋಳ ಒಣಗಿ, ಫೆಬ್ರವರಿಯಲ್ಲಿ ದೇಶ ರಾಷ್ಟ್ರೀಯ ವಿಪತ್ತು ಘೋಷಿಸಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಒಂದು ದೇಶ ಸಾಲ ಕೊಟ್ಟ ಒಬ್ಬೊಬ್ಬರ ಬಾಗಿಲಲ್ಲೂ ನಿಂತಿತು.

ಜಾಂಬಿಯಾ ಒಂಟಿಯಲ್ಲ. ಶಿಕ್ಷಣ ಅಥವಾ ಆರೋಗ್ಯಕ್ಕಿಂತ ಬಡ್ಡಿಗೇ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ 340 ಕೋಟಿ ಜನ ಬದುಕುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್‌ಟಾಡ್ 2025ರ ವರದಿಯಲ್ಲಿ ಹೇಳಿದೆ. ಫ್ರಾನ್ಸಿಸ್ ಕೋರಿಕೆಯಂತೆ ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಮಾರ್ಟಿನ್ ಗುಸ್ಮಾನ್ ನೇತೃತ್ವದ ಜ್ಯೂಬಿಲಿ ಆಯೋಗ ಅದೇ ವರ್ಷ ಜೂನ್‌ನಲ್ಲಿ ವರದಿ ಕೊಟ್ಟಿತು. ಕೆಲವೇ ದಿನಗಳ ನಂತರ ಸ್ಪೇನಿನ ಸೆವಿಲ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹಣಕಾಸು ಸಮ್ಮೇಳನದಿಂದ ಅಮೆರಿಕ ದೂರ ಉಳಿಯಿತು. ಸಾಲ ಕೊಟ್ಟವರೆಲ್ಲರನ್ನೂ ಕಟ್ಟಿಹಾಕುವ ಒಂದು ಅಂತರರಾಷ್ಟ್ರೀಯ ವ್ಯವಸ್ಥೆ ಅಲ್ಲಿ ಹುಟ್ಟಲಿಲ್ಲ.

ಯೊವೇಲನ್ನು ಎತ್ತಿ ಆಡುವಾಗ ಅದರ ಗಡಿಯನ್ನೂ ಹೇಳಲೇಬೇಕು. ಅದೇ 25ನೇ ಅಧ್ಯಾಯದ ಕೊನೆಯ ಭಾಗ, ಸುತ್ತಲ ಜನಾಂಗಗಳಿಂದ ಕೊಂಡ ದಾಸರನ್ನು ಶಾಶ್ವತವಾಗಿ ಇಟ್ಟುಕೊಳ್ಳಬಹುದು, ಮಕ್ಕಳಿಗೆ ಆಸ್ತಿಯಾಗಿ ಬಿಡಬಹುದು ಎನ್ನುತ್ತದೆ. ‘ಎಲ್ಲ ನಿವಾಸಿಗಳಿಗೂ’ ಎಂದ ಬಾಯಿಯೇ ಇದನ್ನೂ ಹೇಳುತ್ತದೆ. ಇಂದಿನ ಇಸ್ರೇಲ್‌ನಲ್ಲಿ ಹೆಚ್ಚಿನ ಭೂಮಿ ಸಾರ್ವಜನಿಕ ಒಡೆತನದಲ್ಲಿದೆ. ಅದನ್ನು ಮಾರದೆ 49 ವರ್ಷದ ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆದದ್ದು ‘ಭೂಮಿಯನ್ನು ಶಾಶ್ವತವಾಗಿ ಮಾರಬಾರದು’ ಎಂಬ ವಚನದ ನೆರಳಿನಲ್ಲಿ. 1948ರಲ್ಲಿ ಊರು ಬಿಡಬೇಕಾಗಿ ಬಂದ ಪ್ಯಾಲೆಸ್ತೀನಿ ಕುಟುಂಬಗಳ ಜಮೀನು 1950ರ ಗೈರುಹಾಜರಿ ಆಸ್ತಿ ಕಾಯ್ದೆಯ ಮೂಲಕ ಆ ಸಾರ್ವಜನಿಕ ಒಡೆತನಕ್ಕೆ ಸೇರಿತು. ಪ್ರತಿಯೊಬ್ಬನೂ ತನ್ನ ಭೂಮಿಗೆ ಮರಳಲಿ ಎಂಬ ವಾಕ್ಯ ಯಾರನ್ನು ‘ಪ್ರತಿಯೊಬ್ಬ’ ಎಂದು ಎಣಿಸುತ್ತದೆ ಎಂಬ ಪ್ರಶ್ನೆ ಅಲ್ಲಿ ಇನ್ನೂ ಉರಿಯುತ್ತಿದೆ.

ಮೊದಲೇ ಬರೆದಿಟ್ಟ ಬಿಡುವು ಇಂದಿನ ಹಣಕಾಸಿನಲ್ಲಿ ಸಾಧ್ಯವೇ ಎಂದರೆ, ಕೆರಿಬಿಯನ್ ಸಮುದ್ರದ ಪುಟ್ಟ ಗ್ರೆನಡಾ ಒಂದು ಉದಾಹರಣೆ ಕೊಟ್ಟಿದೆ. 2013ರಲ್ಲಿ ಅದು ಸುಸ್ತಿದಾರನಾದಾಗ ಅಲ್ಲಿನ ಚರ್ಚುಗಳ ಒಕ್ಕೂಟ ಜ್ಯೂಬಿಲಿಯ ಹೆಸರಿನಲ್ಲೇ ಸಾಲ ಪರಿಹಾರ ಕೇಳಿತ್ತು. 2015ರಲ್ಲಿ ಸಾಲವನ್ನು ಮರುಹೊಂದಿಸುವಾಗ ಬಾಂಡ್ ಪತ್ರದಲ್ಲೇ ಒಂದು ಷರತ್ತು ಸೇರಿತು: ಇಂತಿಷ್ಟು ಪ್ರಮಾಣದ ಚಂಡಮಾರುತ ಅಪ್ಪಳಿಸಿದರೆ ಕಂತು ತಾನಾಗಿ ಮುಂದಕ್ಕೆ ಹೋಗುತ್ತದೆ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಡಾದ ಕ್ಯಾರಿಯಾಕು ದ್ವೀಪವನ್ನು ನೆಲಸಮ ಮಾಡಿತು. ಸರಕಾರ ಷರತ್ತನ್ನು ಚಲಾಯಿಸಿತು. ಮುಂದಿನ ಎರಡು ಕಂತುಗಳ ಹಣ ಸಾಲ ಕೊಟ್ಟವರ ಕೈಗೆ ಹೋಗದೆ ಜನರ ಪುನರ್ವಸತಿಗೆ ಉಳಿಯಿತು. ಬಾಂಡ್‌ದಾರರ ಜೊತೆ ಹೊಸದಾಗಿ ಚೌಕಾಶಿ ನಡೆಸಬೇಕಾಗಲಿಲ್ಲ. ಆದರೆ ಇದು ಮುಂದೂಡಿಕೆ ಮಾತ್ರ, ಆ ಹಣವನ್ನು ಗ್ರೆನಡಾ ಮುಂದೆ ಕಟ್ಟಲೇಬೇಕು. ವಿಶ್ವಬ್ಯಾಂಕ್, ಬ್ರಿಟನ್ ಮೊದಲಾದವರು ಇಂಥ ಷರತ್ತನ್ನು ತಮ್ಮ ಕೆಲವು ಸಾಲಗಳಲ್ಲಿ ಸೇರಿಸತೊಡಗಿದ್ದಾರೆ. ಮೆಕ್ಕೆಜೋಳ ಒಣಗಿದ ಜಾಂಬಿಯಾದಂಥ ದೇಶಗಳ ಸಾಲಪತ್ರಗಳಲ್ಲಿ ಬರಕ್ಕೂ ಅಂಥದೊಂದು ಸಾಲು ಬೇಕು, ಅದೂ ಬರ ಬರುವ ಮೊದಲೇ, ಸಾಲ ಕೊಡುವ ಎಲ್ಲರ ಸಹಿಯೊಂದಿಗೆ.